ಉದ್ದಿನ ಹಿಟ್ಟಿನ ಕೈಗವಸು

ಹೋದ ತಿಂಗಳು ಒಂದು ಭಾನುವಾರ ಔರಂಗಾಬಾದಿನ ಆ ಮೈದಾನದಲ್ಲಿ, ಗೋಲಿನ ಕಂಬಗಳ ಹಿಂದೆ, ಕೊಡೆ ಹಿಡಿದು ನಿಂತಿದ್ದೆ. ಜಿನುಗು ಮಳೆ. ಕೆಲಸ ಸಿಕ್ಕಿ ಈ ಊರಿಗೆ ಬಂದು ಎಂಟು ತಿಂಗಳಾಗಿದ್ದರೂ ಆ ಕಡೆ ಕಾಲಿಟ್ಟಿರಲಿಲ್ಲ. ಇಡಬಾರದು ಅಂತಲೇ ಇದ್ದೆ. ಆದರೆ ಮಳೆಗಾಲದ ಭಾನುವಾರ, ಎಲ್ಲೋ ರೆಫರಿಯ ಸೀಟಿ ಕೇಳಿತು, ಕಾಲು ತಾನಾಗಿ ಹೋಯಿತು. ಆಟ ಶುರುವಾಗುವ ಮೊದಲು ಗೋಲ್‌ಕೀಪರ್, ಇಪ್ಪತ್ತೆರಡು ಇಪ್ಪತ್ಮೂರರ ತರುಣ, ಚೀಲದಿಂದ ಒಂದು ಸ್ಟೀಲ್ ಡಬ್ಬಿ ತೆಗೆದು ಮುಚ್ಚಳ ಬಿಚ್ಚಿದ. ನನ್ನ ಮೂಗಿಗೆ ಬಂದ ವಾಸನೆಯನ್ನು ನಾನು ನಂಬಲಿಲ್ಲ. ಹುದುಗು ಬಂದ ಉದ್ದಿನ ಹಿಟ್ಟು. ನಮ್ಮ ಹೋಟೆಲಿನ ಒಳಮನೆಯಲ್ಲಿ ಬೆಳಗ್ಗೆ ಐದಕ್ಕೆ ಇರುತ್ತಿದ್ದ, ಹುಳಿ ಹುಳಿಯಾದ, ಅದೇ ವಾಸನೆ. ಅವನು ಬೆರಳಲ್ಲಿ ಒಂದಿಷ್ಟು ತೆಗೆದು ಎರಡೂ ಕೈಗವಸಿಗೆ ಚಪ್ಪರಿಸಿ ಹಚ್ಚಿಕೊಂಡ.

"ಇದು ಎಂಥದು?" ಅಂತ ಹಿಂದಿಯಲ್ಲಿ ಕೇಳಿದೆ.

"ಹಮಾರೆ ಕ್ಲಬ್ ಕೀ ಪುರಾನೀ ಟ್ರಿಕ್ ಹೈ, ದೀದೀ."

ಅವರ ಕ್ಲಬ್ಬಿನ ಹಳೆಯ ಟ್ರಿಕ್ಕಂತೆ! ಯಾರು ಕಲಿಸಿದ್ದು ಅಂದೆ. ಗೊತ್ತಿಲ್ಲ ಅಂದ, ಮೊದಲಿಂದಲೂ ಇದೆ ಅಂದ. ಪಾಪ, ಅವನು ಸುಳ್ಳು ಹೇಳುತ್ತಿರಲಿಲ್ಲ. ಅವನಿಗೆ ಹಾಗೇ ಹೇಳಿಕೊಟ್ಟಿದ್ದರು. ಐದು ನಿಮಿಷಕ್ಕೆ ಎದುರಿನವರು ದೂರದಿಂದ ಒಂದು ಸಾದಾ ಹೊಡೆತ ಹೊಡೆದರು. ಚೆಂಡು ಇವನ ಎರಡೂ ಅಂಗೈ ನಡುವೆ ಸೋಪಿನ ಹಾಗೆ ಜಾರಿ ಒಳಗೆ ಹೋಯಿತು. ಸುತ್ತ ಇದ್ದವರು ಬೈದರು. ನಾನು ಬೈಯಲಿಲ್ಲ. ಅದು ಯಾಕೆ ಜಾರಿತು ಅಂತ ಆ ಮೈದಾನದಲ್ಲಿ ಗೊತ್ತಿದ್ದವಳು ನಾನೊಬ್ಬಳೇ. ಆ ತಪ್ಪು ನನ್ನದು. ಟ್ರಿಕ್ಕು ನಮ್ಮ ಹೋಟೆಲಿನ ಈರಪ್ಪನವರದು.

ಈ ಕ್ಲಬ್ಬಿನವರದ್ದು ಏನೂ ಇಲ್ಲ ಇದರಲ್ಲಿ. ಅದನ್ನೇ ಬರೆಯಲು ಕೂತಿದ್ದೇನೆ. ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ, ಮುಚ್ಚಿಡುವುದಿಲ್ಲ.

ಆರು ವರ್ಷದ ಹಿಂದಿನ ಮಳೆಗಾಲ. ಎಪ್ಪತ್ತೆರಡರ ಆ ದೊಡ್ಡ ಬರ ಮುಗಿದ ಮರುವರ್ಷ. ನಾಸಿಕದಲ್ಲಿ ಮಳೆ ಹಿಡಿದರೆ ಬಿಡುತ್ತಿರಲಿಲ್ಲ. ಗೋದಾವರಿಯ ದಡದ ಎರಡು ಮುಖದ ಮಾರುತಿಗೆ ನೀರು ಮೊಣಕಾಲಿಗೆ ಬಂತಂತೆ, ಸೊಂಟಕ್ಕೆ ಬಂತಂತೆ ಅಂತ ಗಿರಾಕಿಗಳು ದಿನಾ ಸುದ್ದಿ ತರುತ್ತಿದ್ದರು. ರವಿವಾರ ಕಾರಂಜಾ ಅನ್ನುವ ಚೌಕದ ಹತ್ತಿರ ನಮ್ಮ ಅಪ್ಪಯ್ಯನ ಹೋಟೆಲು. ನನಗೆ ಹತ್ತೊಂಬತ್ತು. ಕಾಲೇಜಿಗೆ ಹೋಗುತ್ತಿದ್ದೆ, ಆದರೆ ತಲೆಯೊಳಗೆ ಇದ್ದದ್ದು ಫುಟ್‌ಬಾಲ್ ಮಾತ್ರ. ಯಾರೂ ಕಲಿಸಿದ್ದಲ್ಲ. ರೇಡಿಯೋ ಕೇಳಿ, ವಡೆ ಕಟ್ಟಲು ತಂದ ಹಳೇ ಪೇಪರಿನ ಕ್ರೀಡಾಪುಟ ಓದಿ, ನಾನೇ ಕಲಿತದ್ದು. ದೇವಳಾಲಿಯ ರದ್ದಿ ಅಂಗಡಿಯಲ್ಲಿ ಆಟದ ನಿಯಮಗಳ ಒಂದು ಸಣ್ಣ ಇಂಗ್ಲಿಷ್ ಪುಸ್ತಕ ಸಿಕ್ಕಿತ್ತು. ಡಿಕ್ಷನರಿ ಪಕ್ಕದಲ್ಲಿಟ್ಟುಕೊಂಡು ಓದಿ ಓದಿ ಬಾಯಿಪಾಠ ಮಾಡಿದ್ದೆ. ಆಫ್‌ಸೈಡ್ ಅಂದರೇನು ಅಂತ ಅಮ್ಮನಿಗೆ ಕಾಫಿ ಲೋಟ ಜೋಡಿಸಿ ತೋರಿಸುತ್ತಿದ್ದೆ. ಅವಳು ಲೋಟ ಎತ್ತಿಕೊಂಡು ತೊಳೆಯಲು ಹೋಗುತ್ತಿದ್ದಳು.

ಈರಪ್ಪ ಹೊಂಗಲ ಆ ವರ್ಷ ಬೇಸಿಗೆಯಲ್ಲಿ ನಮ್ಮ ಹೋಟೆಲಿಗೆ ರುಬ್ಬುವ ಕೆಲಸಕ್ಕೆ ಬಂದವರು. ಬೆಳಗಾವಿಯವರು. ಮೂವತ್ತೆಂಟು ವಯಸ್ಸು, ಎತ್ತರ, ಮಾತು ಕಮ್ಮಿ. ಒರಳಿನ ಮುಂದೆ ಕೂತರೆ ಎದ್ದೇಳುವಾಗ ಮೊಣಕಾಲಿಗೆ ಕೈ ಕೊಟ್ಟೇ ಏಳಬೇಕು. ಎಡಗೈಯ ಕಿರುಬೆರಳು ಹೊರಗೆ ತಿರುಗಿಕೊಂಡಿತ್ತು, ಬಲಗೈಯ ಎರಡು ಬೆರಳು ಪೂರ್ತಿ ಮಡಚುತ್ತಿರಲಿಲ್ಲ. ಒರಳು ತಾಗಿ ಆದದ್ದು ಅಂದುಕೊಂಡಿದ್ದೆ.

ಒಂದು ಮಧ್ಯಾಹ್ನ ಕಲ್ಕತ್ತೆಯ ಯಾವುದೋ ಪಂದ್ಯದ ಹಿಂದಿ ಕಾಮೆಂಟರಿ ಬರುತ್ತಿತ್ತು. ಒಳಮನೆಯ ಕಿಟಕಿಯಲ್ಲಿ ರೇಡಿಯೋ ಇಟ್ಟುಕೊಂಡು ನಾನು ಕೇಳುತ್ತಿದ್ದೆ.

"ಗೋಲಿ ಮುಂದ ಬಂದಾನ. ಬರಬಾರದಿತ್ತು," ಅಂತ ಒರಳಿನ ಕಡೆಯಿಂದ ದನಿ ಬಂತು.

ಕಾಮೆಂಟೇಟರ್ ಮುಂದಿನ ಉಸಿರಿಗೆ ಅದನ್ನೇ ಕೂಗಿದ. ಗೋಲ್‌ಕೀಪರ್ ಮುಂದೆ ಬಂದಿದ್ದ, ಚೆಂಡು ತಲೆಯ ಮೇಲಿಂದ ಹೋಗಿತ್ತು.

"ನಿಮಗೆ ಹ್ಯಾಗೆ ಗೊತ್ತಾಯ್ತು?"

"ಮಂದಿ ಸಪ್ಪಳ ಕೇಳ್ರಿ ತಂಗೀ. ಎಲ್ಲಾರೂ ಉಸರ ಹಿಡದ್ರು. ಗೋಲಿ ಜಾಗಾದಾಗ ಇದ್ರ ಯಾರೂ ಉಸರ ಹಿಡ್ಯಾಂಗಿಲ್ಲ."

ಅವತ್ತಿನಿಂದ ನಾನು ಬಿಡಲಿಲ್ಲ. ಕೇಳಿ ಕೇಳಿ ಒಂದೊಂದೇ ಹೊರಗೆ ತೆಗೆದೆ. ಬೆಳಗಾವಿಯ ಕ್ಯಾಂಪಿನಲ್ಲಿ ಸಿಪಾಯಿಗಳ ಆಟಕ್ಕೆ ಚೆಂಡು ಹೆಕ್ಕಿ ಕೊಡುತ್ತ ಕಲಿತವರು. ಹದಿನೇಳಕ್ಕೆ ಮುಂಬಯಿಯ ಒಂದು ಗಿರಣಿಯ ತಂಡ ಅವರನ್ನು ಕರೆದುಕೊಂಡು ಹೋಯಿತು. ಹನ್ನೆರಡು ಮಳೆಗಾಲ ಅವರು ಮಾಡಿದ್ದು ಗೋಲು ಕಾಯುವ ಕೆಲಸ ಒಂದೇ. ಗಿರಣಿಯ ಪುಸ್ತಕದಲ್ಲಿ ಮಾತ್ರ 'ನೇಕಾರ' ಅಂತ ಬರೆದಿತ್ತು. ಹನ್ನೆರಡನೇ ವರ್ಷ ಎದುರಿನವನ ಬೂಟು ಭುಜದ ಎಲುಬಿಗೆ ಬಿತ್ತು. ಮುಂದಿನ ಮಳೆಗಾಲಕ್ಕೆ ಬೇರೆ ಹುಡುಗ ಬಂದ. ಇವರಿಗೆ, ನೀನು ನೇಕಾರ ತಾನೆ, ಹೋಗಿ ಮಗ್ಗ ಹಿಡಿ ಅಂದರಂತೆ. ಮಗ್ಗದ ಮುಂದೆ ಒಂದು ದಿನ ನಿಂತವರಲ್ಲ! ಒಂದು ತಿಂಗಳಲ್ಲಿ ಕೆಲಸ ಬರುವುದಿಲ್ಲ ಅಂತ ಹೊರಗೆ ಹಾಕಿದರು.

ಅವರ ಹತ್ತಿರ ಉಳಿದದ್ದು ಒಂದು ಫೋಟೋ. ಹನ್ನೊಂದು ಜನ, ನಡುವೆ ಗೆದ್ದ ಒಂದು ಕಪ್. ಕೆಳಗೆ ಮರಾಠಿಯಲ್ಲಿ ಹೆಸರುಗಳು. ನಾನು ಬೆರಳಿಟ್ಟು ಎಣಿಸಿದೆ. ಹತ್ತು ಜನರಿಗೆ ಹೆಸರಿತ್ತು. ಹಿಂದಿನ ಸಾಲಿನಲ್ಲಿ ನಿಂತ ಇವರಿಗೆ ಬರೀ 'ಗೋಲಕೀಪರ' ಅಂತ ಬರೆದಿದ್ದರು.

"ನಿಮ್ಮ ಹೆಸರು ಯಾಕೆ ಹಾಕಿಲ್ಲ?"

"ಫೋಟೋ ತಗ್ಯಾಂವಗ ನೆನಪ ಆಗಿರಲಿಕ್ಕಿಲ್ರಿ," ಅಂದು ಹಿಟ್ಟು ತಿರುವಲು ಶುರು ಮಾಡಿದರು.

ನೆನಪಾಗಲಿಲ್ಲವಂತೆ! ಹತ್ತು ಹೆಸರು ನೆನಪಾದವನಿಗೆ ಹನ್ನೊಂದನೆಯದು ಕಷ್ಟವಾಯಿತೇ? ನನಗೆ ಅವತ್ತೇ ಮೈ ಉರಿದಿತ್ತು.

ಓಝರಿನ ವಿಮಾನ ಕಾರ್ಖಾನೆಯಲ್ಲಿ ಕೆಲಸ ಮಾಡುವ ನಮ್ಮ ಕಡೆಯವರು ಭಾನುವಾರ ನಮ್ಮಲ್ಲಿ ಇಡ್ಲಿ ತಿನ್ನಲು ಬರುತ್ತಿದ್ದರು. ಅವರು ಮತ್ತು ನಾಲ್ಕಾರು ಹೋಟೆಲಿನವರು ಸೇರಿ ಒಂದು ಫುಟ್‌ಬಾಲ್ ತಂಡ ಮಾಡಿದ್ದರು. ಕ್ಯಾಪ್ಟನ್ ದೇಸಾಯಿ, ಧಾರವಾಡದ ಟೆಕ್ನಿಷಿಯನ್. ಅವರ ಗೋಲ್‌ಕೀಪರ್ ಸುರೇಶ ಅಂತ, ಪಕ್ಕದ ಹೋಟೆಲಿನವನು. ಚೆಂಡು ಬಂದರೆ ಕಣ್ಣು ಮುಚ್ಚುತ್ತಿದ್ದ. ನಾನು ದೇಸಾಯಿಯವರ ಟೇಬಲ್ಲಿಗೆ ಹೋಗಿ ಈರಪ್ಪನವರ ವಿಷಯ ಹೇಳಿದೆ.

"ಯಾರು, ಆ ರುಬ್ಬಾಂವ?" ದೇಸಾಯಿ ನಕ್ಕರು. "ನಿಮ್ಮ ಇಡ್ಲಿ ಮೆತ್ತಗ ಇರತಾವ, ಅದರ ಮ್ಯಾಲಿಂದ ಗೋಲಿ ಅಂತ ಹೆಂಗ ಅನೂದು?"

"ಒಂದು ಸಲ ನಿಲ್ಲಿಸಿ ನೋಡಿ."

ನಿಲ್ಲಿಸಿದರು. ಮಳೆಯಲ್ಲಿ ಹತ್ತು ಜನ ಸಾಲಾಗಿ ಹೊಡೆದರು. ಹತ್ತರಲ್ಲಿ ಎರಡು ಒಳಗೆ ಹೋಯಿತು. ಮೊಣಕಾಲು ಕೆಟ್ಟಿತ್ತು, ಎಗರುವುದಕ್ಕೆ ಆಗುತ್ತಿರಲಿಲ್ಲ, ಆದರೆ ಅವರಿಗೆ ಎಗರುವ ಪ್ರಸಂಗವೇ ಬರುತ್ತಿರಲಿಲ್ಲ. ಚೆಂಡು ಬರುವ ಜಾಗದಲ್ಲಿ ಮೊದಲೇ ಇರುತ್ತಿದ್ದರು. ದೇಸಾಯಿ ಬಂದು ಅವರ ಕೈ ಹಿಡಿದು, "ನಾಳಿಂದ ನೀವ ನಮ್ಮ ಗೋಲಿ ಆಗ್ರಿ," ಅಂದರು. ಬಹುವಚನ ಅವತ್ತೇ ಶುರುವಾದದ್ದು.

ಅದೇ ಹೊತ್ತಿಗೆ ಇನ್ನೊಂದು ಬಾಗಿಲು ತೆರೆಯಿತು. ಸಿನ್ನರಿನ ಹೊಸ ಎಸ್ಟೇಟಿನಲ್ಲಿ ಕಾರ್ಖಾನೆ ಹಾಕಿದ್ದ ಒಬ್ಬ ಮಾಲೀಕರಿಗೆ ಫುಟ್‌ಬಾಲ್ ಹುಚ್ಚು. ತಮ್ಮ ಕೆಲಸಗಾರರ ತಂಡಕ್ಕೆ ಕೋಚ್ ಹುಡುಕುತ್ತಿದ್ದರು. ಈರಪ್ಪನವರು ಫೋಟೋ ಹಿಡಿದು ಹೋಗಿ ಬಂದರು. ಅಲ್ಲಿನ ಮ್ಯಾನೇಜರು ಫೋಟೋ ನೋಡಿ, ಇದರಲ್ಲಿ ನಿಮ್ಮ ಹೆಸರು ಎಲ್ಲಿದೆ ಅಂತ ಕೇಳಿದನಂತೆ. ಮುಖ ಫೋಟೋದಲ್ಲೂ ಇದೆ, ಎದುರಿಗೂ ಇದೆ. ಆದರೂ ಹೆಸರು ಬೇಕು! ಕೊನೆಗೆ ಮಾಲೀಕರು ಹೇಳಿ ಕಳಿಸಿದರು: ನಿಮ್ಮ ತಂಡ ಆಡುವ ಶೀಲ್ಡ್ ಪಂದ್ಯಾವಳಿಯ ಫೈನಲ್ ಔರಂಗಾಬಾದಿನಲ್ಲಿ ನಡೆಯುತ್ತದೆ, ನಾನು ಅತಿಥಿಯಾಗಿ ಬರುತ್ತೇನೆ, ಅಲ್ಲಿಯತನಕ ಬಂದರೆ ಆಡಿ ತೋರಿಸಲಿ.

ಅಷ್ಟು ಸಾಕಾಗಿತ್ತು ಅವರಿಗೆ. ಮೊದಲ ಸಲ ಅವರೇ ಮಾತು ತೆಗೆದರು. "ತಂಗೀ, ಕೋಚ್ ಅಂದ್ರ ಬಾಗಲಕ್ಕ ಹೆಸರಿನ ಬೋರ್ಡ್ ಹಾಕತಾರೇನ್ರಿ?"

"ಹಾಕದೇ ಇರುತ್ತಾರಾ!" ಅಂದೆ. ಗೊತ್ತಿರಲಿಲ್ಲ, ಆದರೂ ಅಂದೆ.

ಇನ್ನು ಹಿಟ್ಟಿನ ವಿಷಯ. ಆಗಿನ ಕೈಗವಸು ಅಂದರೆ ನೂಲಿನದು, ಒದ್ದೆಯಾದರೆ ಚೆಂಡು ಜಾರುತ್ತಿತ್ತು. ಮೊದಲ ಪಂದ್ಯದಲ್ಲಿ ಒಂದು ಹಾಗೆ ಜಾರಿತು. ಮರುದಿನ ಬೆಳಗ್ಗೆ ಒರಳಿನ ಮುಂದೆ ಕೂತವರು ಅರ್ಧಕ್ಕೆ ನಿಲ್ಲಿಸಿ ತಮ್ಮ ಕೈಯನ್ನೇ ನೋಡುತ್ತಿದ್ದರು. ಆಮೇಲೆ ಗುಂಡಿನ ಮೇಲಿಂದ ಹಿಟ್ಟು ಬಳಿದು ಗವಸಿಗೆ ಸವರತೊಡಗಿದರು, ಅಂಗೈಗೆ, ಒಂದೊಂದು ಬೆರಳಿಗೆ, ದೋಸೆ ಕಲ್ಲಿಗೆ ಎಣ್ಣೆ ಸವರುವಷ್ಟೇ ತೆಳ್ಳಗೆ. ಎರಡನೆಯ ಪಂದ್ಯದಲ್ಲಿ ಸುರಿಯುವ ಮಳೆ. ಚೆಂಡು ಅವರ ಕೈಗೆ ಬಂದರೆ ಟಪ್ ಅಂತ ಅಲ್ಲೇ ನಿಲ್ಲುತ್ತಿತ್ತು. ಇದು ರುಬ್ಬುವವನಿಗೆ ಮಾತ್ರ ಹೊಳೆಯುವ ಉಪಾಯ! ಯಾವ ಕ್ಲಬ್ಬಿನ ಕೋಚಿಗೂ ಸಾವಿರ ವರ್ಷ ಕೂತರೂ ಹೊಳೆಯುತ್ತಿರಲಿಲ್ಲ.

ಗವಸು ಯಾವಾಗಲೂ ಕಾಫಿ ಬಾಯ್ಲರಿನ ಕೊಳವೆಯ ಮೇಲೆ ನೇತಾಡುತ್ತಿತ್ತು. ಅಪ್ಪಯ್ಯನಿಗೆ ಅದು ಆಗಿಬರುತ್ತಿರಲಿಲ್ಲ.

"ಇದೆಂತ ಮಾರಾಯಾ, ಶುದ್ಧ ಸಸ್ಯಾಹಾರಿ ಹೋಟೆಲಿನಲ್ಲಿ ಕೋಳಿ ತೂಗುಹಾಕಿದ ಹಾಗೆ! ನೋಡಿದವರು ಎಂತ ಹೇಳುದು?"

"ಕಾಫಿ ಗಟ್ಟಿ ಆಗ್ಲಿ ಅಂತ ಹಾಕ್ಯಾರ ಅಂತಾರ್ರಿ ಅಣ್ಣಾ," ಅಂದರು ಈರಪ್ಪ. ಅಪ್ಪಯ್ಯ ನಗು ತಡೆಯಲು ಗಲ್ಲಾಪೆಟ್ಟಿಗೆ ಕಡೆ ತಿರುಗಿಕೊಂಡರು. ತೆಗೆಯಿರಿ ಅಂತ ಮತ್ತೆ ಹೇಳಲಿಲ್ಲ.

ತೊಳೆದ ಗವಸು ಒಣಗಲು ಹಾಕಿದ್ದಾರೆ ಅಂತ ನಾನು ತಿಳಿದಿದ್ದೆ. ಕೇಳಲಿಲ್ಲ. ಎಲ್ಲಾ ಗೊತ್ತು ಅನ್ನುವ ವಯಸ್ಸು ನನ್ನದು.

ನಾವು ಗೆಲ್ಲುತ್ತ ಹೋದೆವು. ಶ್ರಾವಣ ಮುಗಿಯುವ ಹೊತ್ತಿಗೆ ರುಬ್ಬುವ ಈರಪ್ಪ, ಟೆಕ್ನಿಷಿಯನ್ ದೇಸಾಯಿ ಮತ್ತು ಒಂಬತ್ತು ಜನ ಫೈನಲ್ಲಿಗೆ ಬಂದಿದ್ದರು. ಎದುರಾಳಿ ಶೀಲ್ಡ್ ನಡೆಸುವ ಆ ಔರಂಗಾಬಾದಿನ ಕ್ಲಬ್ಬೇ. ಆಗ ನಮ್ಮಲ್ಲಿ ಕಾಫಿಗೆ ಬರುತ್ತಿದ್ದ ಒಬ್ಬ ಮರಾಠಿ ವರದಿಗಾರರು, "ನಿನಗೆ ಇಷ್ಟೆಲ್ಲ ಗೊತ್ತಲ್ಲ, ನಿಮ್ಮ ತಂಡದ ಬಗ್ಗೆ ಒಂದು ಲೇಖನ ಬರೆದುಕೊಡು, ಹಾಕಿಸುತ್ತೇನೆ," ಅಂದರು.

ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಎರಡು ದಿನ ಕೂತು ಮರಾಠಿಯಲ್ಲಿ ಬರೆದೆ. ಈರಪ್ಪನವರ ಹೆಸರು ಮೊದಲ ಸಾಲಿನಲ್ಲೇ ಬರೆದೆ, ಫೋಟೋದವನು ಮರೆತದ್ದನ್ನು ನಾನು ತೀರಿಸಬೇಕು ಅಂತ. ಮತ್ತೆ ಬುದ್ಧಿವಂತಿಕೆ ತೋರಿಸಬೇಕಲ್ಲ, ಉದ್ದಿನ ಹಿಟ್ಟಿನ ಉಪಾಯವನ್ನೂ ಬರೆದೆ: ಆಟಕ್ಕೆ ಮೊದಲು ಕೈಗವಸಿಗೆ ಹುದುಗಿದ ಹಿಟ್ಟು ಸವರಿಕೊಳ್ಳುತ್ತಾರೆ, ಚೆಂಡು ಅಂಟಿಕೊಳ್ಳುತ್ತದೆ. ಹೆಮ್ಮೆಯಿಂದ ಬರೆದೆ. ಯಾರನ್ನೂ ಕೇಳಲಿಲ್ಲ. ಈರಪ್ಪನವರನ್ನೂ ಕೇಳಲಿಲ್ಲ.

ಫೈನಲ್ಲಿನ ಬೆಳಗ್ಗೆ ಮನ್ಮಾಡಿನಲ್ಲಿ ಇಳಿದು ಚಿಕ್ಕ ಗೇಜಿನ ಗಾಡಿ ಹತ್ತಿದೆವು. ಅಪ್ಪಯ್ಯನೂ ಹೋಟೆಲಿಗೆ ಇಡೀ ದಿನ ಬಾಗಿಲು ಹಾಕಿ ಬಂದಿದ್ದರು, ಆ ಹೋಟೆಲಿನ ಬಾಗಿಲು ಮುಚ್ಚಿದ್ದು ನಾನು ಮೊದಲ ಸಲ ನೋಡಿದ್ದು. ಸ್ಟೇಷನ್ನಿನಲ್ಲಿ ಪೇಪರ್ ಸಿಕ್ಕಿತು. ನನ್ನ ಲೇಖನ ಬಂದಿತ್ತು! ನಾನು ಕೊಟ್ಟ ತಲೆಬರಹ ತೆಗೆದು ಅವರು ಬೇರೆ ಹಾಕಿದ್ದರು. 'ಗೋಲಕೀಪರಚ್ಯಾ ಹಾತಾಲಾ ಚಿಕಟ ಪೀಠ' ಅಂತ, ಅಂದರೆ ಗೋಲ್‌ಕೀಪರನ ಕೈಗೆ ಅಂಟು ಹಿಟ್ಟು. ಈರಪ್ಪನವರು ಮೊದಲ ಸಾಲಿನ ತಮ್ಮ ಹೆಸರನ್ನು ಎರಡು ಸಲ ಓದಿದರು. ಮುಂದೆ ಓದುತ್ತ ಒಂದು ಕಡೆ ನಿಂತರು. ನನ್ನ ಮುಖ ನೋಡಿದರು. ಪೇಪರ್ ಮಡಚಿ ಕೊಟ್ಟರು.

ಮೈದಾನಕ್ಕೆ ಹೋದಾಗ ಅದೇ ಪೇಪರು ಆ ಕ್ಲಬ್ಬಿನ ಸೆಕ್ರೆಟರಿಯ ಕೈಯಲ್ಲಿತ್ತು.

ಅಗಲ ಮೈಕಟ್ಟಿನ, ಬಿಳಿ ಪ್ಯಾಂಟಿನ, ತಲೆಯ ಮೇಲೆ ಯಾರೋ ಕೊಡೆ ಹಿಡಿದಿರುವ ಮನುಷ್ಯ. ಮಳೆ ಜೋರಾಗಿತ್ತು, ಕಪ್ಪು ಮಣ್ಣು ಬೂಟಿಗೆ ಮೆತ್ತುತ್ತಿತ್ತು. ಅವರು ರೆಫರಿಯನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, ಎಲ್ಲರಿಗೂ ಕೇಳುವ ಹಾಗೆ, ಇದು ಮೋಸ, ಈ ಗೋಲ್‌ಕೀಪರನ ಗವಸು ತೋರಿಸಿ ಅಂದರು. ಈರಪ್ಪ ತೋರಿಸಿದರು. ಸೆಕ್ರೆಟರಿ ಮುಟ್ಟಿ ನೋಡಿ, ಮೂಸಿ ನೋಡಿ, ಜನರ ಕಡೆ ಎತ್ತಿ ಹಿಡಿದರು. "ಏ ಇಡ್ಲೀ!" ಅಂತ ಬೇಲಿಯ ಆಚೆಯಿಂದ ಒಬ್ಬ ಕೂಗಿದ. ಎಲ್ಲರೂ ನಕ್ಕರು. ಅಪ್ಪಯ್ಯನ ಮುಖ ನೋಡಲು ನನಗಾಗಲಿಲ್ಲ.

ನಾನು ನಿಯಮದ ಪುಸ್ತಕ ಹಿಡಿದು ಮೈದಾನದೊಳಗೆ ನಡೆದೆ. ಸೀರೆಯ ಅಂಚು ಮೊಣಕಾಲಿನತನಕ ಕೆಸರು. ಪುಸ್ತಕ ತೆರೆದು ತೋರಿಸಿದೆ: ಬೇರೆಯವರಿಗೆ ಅಪಾಯವಾಗುವಂಥದ್ದು ತೊಟ್ಟಿರಬಾರದು ಅಂತ ಇದೆ, ಅಷ್ಟೇ, ಹಿಟ್ಟಿನಿಂದ ಯಾರಿಗೆ ಅಪಾಯ?

ಸೆಕ್ರೆಟರಿ ಪುಸ್ತಕವನ್ನು ಮುಟ್ಟಲಿಲ್ಲ. "ಉದ್ದಿನ ಹಿಟ್ಟು ಹಚ್ಚಬಹುದು ಅಂತ ಇದರಲ್ಲಿ ಎಲ್ಲಿದೆ, ತೋರಿಸು," ಅಂದರು. ಬೂಟಿನ ಲೇಸು ಕಟ್ಟಬಹುದು ಅಂತಲೂ ಅದರಲ್ಲಿ ಇರಲಿಲ್ಲ, ಈಗ ಹೊಳೆಯುತ್ತದೆ ಆ ಮಾತು. ಅವತ್ತು ಹೊಳೆಯಲಿಲ್ಲ. "ಪೋರೀ, ಹಾ ಸ್ವಯಂಪಾಕ ನಾಹೀ, ಘರೀ ಜಾ," ಅಂದರು. ಇದು ಅಡುಗೆ ಅಲ್ಲ, ಮನೆಗೆ ಹೋಗು! ಹಿಟ್ಟಿನ ವಿಚಾರಣೆ ನಡೆಸುತ್ತಿದ್ದವರು ಅವರು, ಅಡುಗೆಮನೆಗೆ ಹೋಗಬೇಕಾದವಳು ನಾನು.

ಆಮೇಲೆ ಅವರು ಒಂದು ಹಾಳೆ ತರಿಸಿದರು. ಹೆಸರು ಕೇಳಿದರು, ಅಪ್ಪನ ಹೆಸರು ಕೇಳಿದರು, ಮಂಡಿಯ ಮೇಲೆ ಇಟ್ಟುಕೊಂಡು ತಾವೇ ಬರೆದರು. 'ಮೀ, ಗೋಲಕೀಪರ ಈರಪ್ಪಾ ಬಸಪ್ಪಾ ಹೊಂಗಲ', ಅಂದರೆ ನಾನು ಇಂಥವನು, ಎಂದು ಶುರು, ಮೋಸ ಮಾಡಿದ್ದು ನಿಜ, ಕ್ಷಮೆ ಕೇಳುತ್ತೇನೆ ಎಂದು ಕೊನೆ. ಇದಕ್ಕೆ ಸಹಿ ಮಾಡಿ, ಕೈ ತೊಳೆದು, ಬರಿಗೈಯಲ್ಲಿ ಆಡಲಿ ಅಂದರು. ಇಲ್ಲವಾದರೆ ಹೊರಗೆ.

ಈರಪ್ಪ ಹಾಳೆ ತೆಗೆದುಕೊಂಡು ಓದಿದರು. ಗವಸು ಅಲ್ಲೇ ಬಿಟ್ಟು ನಲ್ಲಿಯ ಹತ್ತಿರ ಹೋದರು. ಅಷ್ಟು ಜನರ ಎದುರಿಗೆ, ಸೋಪು ಹಚ್ಚಿ, ಮೊಣಕೈತನಕ ತೊಳೆದರು. ಬಂದು ಎರಡೂ ಕೈ ಚಾಚಿ ತೋರಿಸಿದರು, ಆ ತಿರುಗಿದ ಕಿರುಬೆರಳು, ಮಡಚದ ಎರಡು ಬೆರಳು.

"ಕೈ ತೊಳದೀನ್ರಿ. ಬರಿಗೈಲೇ ಆಡತೀನಿ. ಸಹಿ ಮಾಡೂದಿಲ್ರಿ."

"ಸಹಿ ಇಲ್ಲ ಅಂದರೆ ಆಟ ಇಲ್ಲ," ಅಂದರು ಸೆಕ್ರೆಟರಿ.

ಆಗ ದೇಸಾಯಿ ಮುಂದೆ ಬಂದರು. ಈಗ ನಮ್ಮವರು ನಿಲ್ಲುತ್ತಾರೆ, ಎಲ್ಲರೂ ಹೊರಗೆ ನಡೆಯುತ್ತೇವೆ ಅನ್ನುತ್ತಾರೆ ಅಂತ ನಾನು ಕಾದೆ.

"ಈರಪ್ಪಾ, ಒಂದು ಸಹಿ ಅಲ್ಲೇನು? ಮಾಡಿ ಬಿಡ್ರಿ. ನಾಳೆ ಯಾರ ನೆನಪ ಇಡತಾರ?"

"ನಾ ಇಡತೀನ್ರಿ."

"ಸಿನ್ನರ ಮಾಲಕ ಅಲ್ಲಿ ಕುಂತಾರ ನೋಡ್ರಿ. ನೌಕರಿ ಬ್ಯಾಡೇನು?"

"ಬೇಕ್ರಿ." ಅವರು ಮಾಲೀಕರ ಕುರ್ಚಿಯ ಕಡೆ ಒಮ್ಮೆ ನೋಡಿದರು. "ಬೇಕು. ಆದ್ರ ಹದಿನೇಳನೇ ವರ್ಷದಿಂದ ಮಾಡಿದ್ದು ಇದೊಂದ ಕೆಲಸ. ಅದನ್ನ ಮೋಸ ಅಂತ ನನ್ನ ಕೈಲೇ ಹೆಂಗ ಬರಕೊಡ್ಲಿ?"

ದೇಸಾಯಿ ಅವರ ಕಡೆ ನೋಡಲಿಲ್ಲ. ತಿರುಗಿ ಸುರೇಶನನ್ನು ಕರೆದರು. ಈರಪ್ಪ ಆ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಜೇಬಿಗೆ ಹಾಕಿಕೊಂಡು, ಗೋಲಿನ ಹಿಂದೆ ಬಂದು ನನ್ನ ಪಕ್ಕದಲ್ಲಿ ನಿಂತರು. ಆಟ ನೋಡಬೇಕಾದರೆ ಗೋಲಿನ ಹಿಂದೆಯೇ ನಿಲ್ಲಬೇಕು ಅಂತ ನನಗೆ ಹೇಳಿಕೊಟ್ಟವರು ಅವರೇ.

ನಾಲ್ಕು ಗೋಲು ಹೋಯಿತು. ಒಂದೊಂದಕ್ಕೂ ಮೊದಲು ಈರಪ್ಪ ಮೆಲ್ಲಗೆ, "ಎಡಕ್ಕ, ಸುರೇಶಾ, ಎಡಕ್ಕ," ಅನ್ನುತ್ತಿದ್ದರು. ಸುರೇಶ ಕಣ್ಣು ಮುಚ್ಚಿಕೊಂಡಿದ್ದ. ಸಿನ್ನರಿನ ಮಾಲೀಕರು ಎರಡನೇ ಗೋಲಿಗೆ ಎದ್ದು ಚಹಾಕ್ಕೆ ಹೋದರು. ಅವರು ಈರಪ್ಪನವರ ಕೈಯನ್ನು ಒಂದು ಸಲವೂ ನೋಡಲಿಲ್ಲ. ನಲ್ಲಿಯ ಹತ್ತಿರ ನೋಡಿದ್ದರೆ ಅಷ್ಟೇ.

ವಾಪಸು ಗಾಡಿಯಲ್ಲಿ ನಮ್ಮವರೇ ಮಾತಾಡಿಕೊಂಡರು. ರುಬ್ಬುವವನಿಗೆ ಅಷ್ಟು ಸೊಕ್ಕು ಯಾಕೆ ಅಂದರು, ಒಂದು ಸಹಿಗೆ ಶೀಲ್ಡು ಹೋಯಿತು ಅಂದರು. ಇದನ್ನು ನಾನು ಯಾವತ್ತೂ ಕ್ಷಮಿಸಿಲ್ಲ. ಸೆಕ್ರೆಟರಿ ಎದುರಾಳಿ, ಅವರು ಮಾಡಿದ್ದು ಎದುರಾಳಿಯ ಕೆಲಸ. ಇವರು ನಮ್ಮ ಹೋಟೆಲಿನ ಇಡ್ಲಿ ತಿಂದವರು, ಈರಪ್ಪನವರು ತಡೆದ ಚೆಂಡುಗಳ ಮೇಲೆ ಫೈನಲ್ಲಿಗೆ ಬಂದವರು.

ಮನ್ಮಾಡಿನ ಪ್ಲಾಟ್‌ಫಾರ್ಮಿನಲ್ಲಿ ಗಾಡಿ ಬದಲಿಸಲು ಕಾಯುವಾಗ ನಾನು ಈರಪ್ಪನವರ ಮುಂದೆ ಹೋಗಿ ನಿಂತೆ. ಅಳು ಬಂತು. "ನಾನು ಬರೆಯಬಾರದಿತ್ತು."

"ಹೆಸರ ಛಲೋ ಬರದಿದ್ರಿ," ಅಂದರು. "ಆದ್ರ ಅರ್ಧಾನ ಬರದೀರಿ ತಂಗೀ. ಹಸೀ ಹಿಟ್ಟ ಹಚ್ಚಿದ್ರ ಜಾರತೈತಿ. ರಾತ್ರೆಲ್ಲಾ ಬಾಯ್ಲರ್ ಮ್ಯಾಲ ಒಣಗಬೇಕು. ಒಣಗಿ ಖರಖರ ಆದದ್ದಕ್ಕ ಮಳೀ ಹನಿ ಬಿತ್ತಂದ್ರ, ಆಗ ಹಿಡಿತೈತಿ. ಹಸೀದು ಹಚಗೊಂಡ ಆಡಾಂವ ಹುಚ್ಚ."

ನನ್ನ ಲೇಖನದಲ್ಲಿ ಒಣಗಿಸುವ ಮಾತೇ ಇರಲಿಲ್ಲ. ಬಾಯ್ಲರಿನ ಮೇಲೆ ನೇತಾಡುತ್ತಿದ್ದದ್ದು ತೊಳೆದ ಗವಸಲ್ಲ ಅಂತ ನನಗೆ ಗೊತ್ತಾದದ್ದು ಆಗ.

ಕೋಚ್ ಕೆಲಸ ಬೇರೆ ಯಾರಿಗೋ ಹೋಯಿತು. ಈರಪ್ಪ ಮರುದಿನ ಬೆಳಗ್ಗೆ ಐದಕ್ಕೆ ಒರಳಿನ ಮುಂದೆ ಇದ್ದರು. ಗವಸು ಬಾಯ್ಲರಿನ ಮೇಲೆ ಇರಲಿಲ್ಲ. ಅಪ್ಪಯ್ಯ ಆ ಖಾಲಿ ಕೊಳವೆಯನ್ನು ನೋಡಿ, "ನೇತು ಹಾಕಿ ಮಾರಾಯ್ರೇ, ಯಾರೂ ಎಂತದೂ ಹೇಳುದಿಲ್ಲ," ಅಂದರು. ಅವರು ಹಾಕಲಿಲ್ಲ. ಮತ್ತೆ ಯಾವತ್ತೂ ಆಡಲೂ ಇಲ್ಲ.

ಈಗ ಹೇಳಿ, ಹೋದ ತಿಂಗಳು ಆ ಡಬ್ಬಿ ನೋಡಿ ನನಗೆ ಹೇಗಾಗಿರಬೇಡ? ಮೋಸ ಅಂದವರೇ ಅದನ್ನು ಎತ್ತಿಕೊಂಡಿದ್ದಾರೆ. ಅದೂ ನನ್ನ ಲೇಖನ ಓದಿ ಎತ್ತಿಕೊಂಡಿದ್ದಾರೆ, ಅದಕ್ಕೆ ಬೇರೆ ಸಾಕ್ಷಿ ಬೇಡ: ನಾನು ಬರೆದ ತಪ್ಪನ್ನೇ, ಹಸಿ ಹಿಟ್ಟನ್ನೇ, ಆರು ವರ್ಷದಿಂದ ಹಚ್ಚಿಕೊಂಡು ಗೋಲು ಬಿಡುತ್ತಿದ್ದಾರೆ!

ಮುಂದಿನ ರಜೆಗೆ ನಾಸಿಕಕ್ಕೆ ಹೋದೆ. ಹೋಟೆಲಿನಲ್ಲಿ ಈಗ ಕರೆಂಟಿನ ಗ್ರೈಂಡರು ಬಂದಿದೆ. ಈರಪ್ಪ ಅದರ ಪಕ್ಕ ಸ್ಟೂಲಿನ ಮೇಲೆ ಕೂತು, ಸದ್ದು ಕೇಳಿಯೇ ನೀರು ಹಾಕುತ್ತಾರೆ. ನಾನು ಎಲ್ಲ ಹೇಳಿದೆ. ಸಿಟ್ಟು ಬರುತ್ತದೆ ಅಂದುಕೊಂಡೆ. ಅವರು ಗ್ರೈಂಡರ್ ನಿಲ್ಲಿಸಿ ಬಿದ್ದು ಬಿದ್ದು ನಕ್ಕರು.

"ಹಸೀದ ಹಚ್ಚತಾರ? ಆರು ವರ್ಷ? ಪಾಪ, ಆ ಗೋಲಿ ಏನ ಮಾಡ್ಯಾನು! ತಂಗೀ, ನೀವ ಅಲ್ಲೇ ಇರತೀರಿ, ಒಣಗಿಸಬೇಕಂತ ಆ ಹುಡುಗಗ ಹೇಳಬೇಕಲ್ರಿ."

"ನಾನು ಹೇಳುವುದಿಲ್ಲ. ಯಾಕೆ ಹೇಳಬೇಕು?"

"ಅಂವ ಗೋಲಿ ಅಲ್ಲೇನ್ರಿ?" ಅಂದರು, ಅದಕ್ಕಿಂತ ದೊಡ್ಡ ಕಾರಣ ಇರುವುದಿಲ್ಲ ಅನ್ನುವ ಹಾಗೆ.

ಆಮೇಲೆ ಎದ್ದು ಒಳಗೆ ಹೋಗಿ ಆ ಫೋಟೋ ತಂದರು. ಅದರ ಹಿಂದೆ ನಾಲ್ಕು ಮಡಿಕೆಯ ಹಾಳೆ ಸಿಕ್ಕಿಸಿತ್ತು. ಬಿಚ್ಚಿ ಕೊಟ್ಟರು. "ಇದನ್ನು ಯಾಕೆ ಇಟ್ಟುಕೊಂಡಿದ್ದೀರಿ? ಹರಿದು ಹಾಕಬಾರದಾ?"

"ನಿಮ್ಮ ಪೇಪರ್‌ನಾಗ ರುಬ್ಬುವ ಈರಪ್ಪ ಅಂತ ಇತ್ತು. ಫೋಟೋದಾಗ ಬರೇ ಗೋಲಕೀಪರ ಅಂತ ಐತಿ. ಎರಡೂ ಕೂಡಿ ಬರದದ್ದು ಇದೊಂದ ಹಾಳೀರಿ, ಅಪ್ಪನ ಹೆಸರ ಸಮೇತ."

ಲೇಖನದ ಮೊದಲ ಸಾಲಿನಲ್ಲಿ ಹೆಸರಿಟ್ಟೆ ಅಂತ ಆರು ವರ್ಷ ಸಮಾಧಾನಪಟ್ಟಿದ್ದೆನಲ್ಲ, ಆ ಸಾಲಿನಲ್ಲಿ ನಾನೂ 'ರುಬ್ಬುವ ಈರಪ್ಪ' ಅಂತಲೇ ಬರೆದಿದ್ದೆ. ಚಮತ್ಕಾರವಾಗಿ ಕಾಣುತ್ತದೆ ಅಂತ ಬರೆದಿದ್ದೆ. ಫೋಟೋದವನ ಮೇಲೆ ಕೂಗಾಡಿದವಳು ನಾನು.

ಆ ಹಾಳೆ ಕೇಳಿ ತೆಗೆದುಕೊಂಡು ಬಂದೆ. ಮೊನ್ನೆ ಭಾನುವಾರ ಮತ್ತೆ ಮೈದಾನಕ್ಕೆ ಹೋದೆ. ಹಿಂದಿನ ದಿನವೇ ಆ ತರುಣನನ್ನು ಹಿಡಿದಿದ್ದೆ. ಹಿಟ್ಟು ಹಿಡಿಯುವುದು ಹೇಗೆ ಅಂತ ಹೇಳಿಕೊಡುತ್ತೇನೆ, ಆದರೆ ಮೊದಲು ಒಂದು ಹೆಸರು ಕಲಿ ಅಂದೆ. ಮೂರು ಸಲ ಹೇಳಿಸಿದೆ. 'ಇರಾಪ್ಪಾ' ಅಂತಲೇ ಬರುತ್ತಿತ್ತು ಅವನಿಗೆ, ಇರಲಿ ಅಂದೆ. ಅವನ ಅಮ್ಮ ರಾತ್ರಿ ಗವಸನ್ನು ಒಲೆಯ ಮೇಲಿನ ಹಗ್ಗಕ್ಕೆ ಹಾಕಿದ್ದಳಂತೆ, ಬೆಳಗ್ಗೆ ಹಪ್ಪಳದ ಹಾಗೆ ಆಗಿತ್ತು.

ಅದೃಷ್ಟಕ್ಕೆ ಮಳೆ ಹನಿ ಹತ್ತು ನಿಮಿಷದಲ್ಲಿ ಶುರುವಾಯಿತು. ಮೊದಲ ಹೊಡೆತ ಬಂತು, ಟಪ್ ಅಂತ ನಿಂತಿತು. ಎರಡನೆಯದೂ ನಿಂತಿತು. ಅರ್ಧ ಆಟಕ್ಕೆ ಬಿಟ್ಟಾಗ, ಕೊಡೆಯ ಕೆಳಗೆ ಕುರ್ಚಿಯಲ್ಲಿ ಕೂತಿದ್ದ ಸೆಕ್ರೆಟರಿ ಅವನನ್ನು ಕರೆದರು. ಹೌದು, ಅದೇ ಮನುಷ್ಯ, ಕೂದಲು ಬೆಳ್ಳಗಾಗಿದೆ. "ಹೇ ಕುಣೀ ಶಿಕವಲಂ ರೇ?" ಯಾರು ಕಲಿಸಿದ್ದು?

"ಇರಾಪ್ಪಾನೀ, ಸರ್. ಇರಾಪ್ಪಾ ಹೊಂಗಲ, ಬೆಳಗಾವ."

"ಕೋಣ ಇರಾಪ್ಪಾ?" ಯಾರು ಆ ಈರಪ್ಪ, ಅಂತ.

ನೆನಪಿರಲಿಲ್ಲ. ನಿಜಕ್ಕೂ ನೆನಪಿರಲಿಲ್ಲ ಅವರಿಗೆ! ಒಬ್ಬ ಮನುಷ್ಯನ ಉಳಿದ ಆಯುಷ್ಯವನ್ನು ಮಂಡಿಯ ಮೇಲಿಟ್ಟು ಬರೆದು, ಸಂಜೆಗೆ ಮರೆತಿದ್ದರು.

ನಾನು ಹೋಗಿ ಅವರ ಮುಂದೆ ನಿಂತೆ. ಚೀಲದಿಂದ ಹಾಳೆ ತೆಗೆದು ಮಡಿಕೆ ಬಿಚ್ಚಿ ಕೊಟ್ಟೆ. ಕನ್ನಡಕ ಹಾಕಿಕೊಂಡು ಓದಿದರು. ತಮ್ಮದೇ ಅಕ್ಷರ ಅಂತ ಗೊತ್ತಾಗಲು ಸ್ವಲ್ಪ ಹೊತ್ತು ಹಿಡಿಯಿತು. 'ಮೀ, ಗೋಲಕೀಪರ ಈರಪ್ಪಾ ಬಸಪ್ಪಾ ಹೊಂಗಲ' ಅನ್ನುವಲ್ಲಿಂದ ಅವರ ಬೆರಳು ಕೆಳಗೆ ಇಳಿಯುತ್ತ ಇಳಿಯುತ್ತ ಸಹಿಯ ಜಾಗಕ್ಕೆ ಬಂದು ನಿಂತಿತು. ಅಲ್ಲಿ ಏನೂ ಇರಲಿಲ್ಲ.

"ಇವರು," ಅಂದೆ. ಹಾಳೆಗೆ ಕೈ ಚಾಚಿ ವಾಪಸು ಇಸಿದುಕೊಂಡೆ. ಅದು ಅವರ ಹತ್ತಿರ ಇರುವಂಥದ್ದಲ್ಲ.